ಶರಣಜೀವಿ ಫ. ಗು. ಹಳಕಟ್ಟಿಯವರು

ಲೋಕದ ನಡುವೆ ಇದ್ದು, ಲೋಕದ ಕೆಲಸಗಳನ್ನೆಲ್ಲ ಮಾಡುತ್ತ, ಲೋಕಕ್ಕೆ ಅಂಟಿಕೊಳ್ಳದೆ ಬಾಳುವುದು ನಮ್ಮ ಶರಣರು ತೋರಿಸಿಕೊಟ್ಟ ದಾರಿ. ಮನೆಮಠಗಳನ್ನು ತೊರೆದು ಗವಿಯನ್ನು ಸೇರಬೇಕೆಂದು ಅವರು ವಿಧಿಸಲಿಲ್ಲ. ಅಂಗಡಿಯಲ್ಲಿ ಕುಳಿತವನು ಅಂಗಡಿಯಲ್ಲಿಯೇ, ಹೊಲದಲ್ಲಿ ದುಡಿಯುವವನು ಹೊಲದಲ್ಲಿಯೇ ಶಿವನನ್ನು ಕಾಣಬಹುದೆಂಬುದು ಅವರ ನಿಲುವು. ಹೀಗಿದ್ದರೂ ಈ ಕಾಲದ ಗೃಹಸ್ಥಭಕ್ತರ ಮನಸ್ಸಿನಲ್ಲಿ ಒಂದು ಸಂದೇಹವು ಮನೆಮಾಡಿಕೊಂಡಿದೆ. ಹನ್ನೆರಡನೆಯ ಶತಮಾನದ ಜೀವನವು ಸರಳವಾಗಿತ್ತು, ಆಗ ಅದು ಸಾಧ್ಯವಾಯಿತು. ಯಂತ್ರಗಳ ಗದ್ದಲವೂ ಹಣದ ಓಟವೂ ತುಂಬಿರುವ ಇಂದು ಯಾರಿಂದ ಸಾಧ್ಯ ಎಂಬುದೇ ಆ ಸಂದೇಹ. ನಮ್ಮ ಬಸರೀಕಟ್ಟೆ, ಕೊಪ್ಪ, ಬಾಳೆಹೊನ್ನೂರುಗಳ ಕಡೆಯ ಮಲೆನಾಡಿನ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಅಡಕೆಯ ಧಾರಣೆಯನ್ನೂ ಕಾಫಿಯ ಬೆಲೆಯನ್ನೂ ಕೈಯಲ್ಲಿರುವ ಫೋನಿನಲ್ಲಿ ಗಳಿಗೆಗೊಮ್ಮೆ ನೋಡುವ ಗೃಹಸ್ಥನಿಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅರೆಗಳಿಗೆ ನೋಡುವುದು ಕಷ್ಟವಾಗಿದೆ.

ಈ ಸಂದೇಹಕ್ಕೆ ಉತ್ತರವನ್ನು ತರ್ಕದಿಂದ ಕೊಡುವುದಕ್ಕಿಂತ ಒಬ್ಬ ಮಹನೀಯರ ಬಾಳಿನಿಂದ ಕೊಡುವುದು ಲೇಸು. ಅವರು ಪುರಾಣಪುರುಷರಲ್ಲ, ನಮ್ಮ ತಂದೆ ತಾತಂದಿರ ಕಾಲದಲ್ಲಿ ಬಾಳಿದವರು. ಕೋಟು ತೊಟ್ಟು ನ್ಯಾಯಾಲಯಕ್ಕೆ ಹೋದವರು, ಬ್ಯಾಂಕು ಕಟ್ಟಿದವರು, ಅಚ್ಚಿನ ಯಂತ್ರವನ್ನು ಕೊಂಡು ನಡೆಸಿದವರು. ಹೊಸಗಾಲದ ಸಾಧನಗಳನ್ನೆಲ್ಲ ಬಳಸಿಯೂ ಅವುಗಳ ಆಳಾಗದೆ ಉಳಿದ ಆ ಶರಣಜೀವಿಗಳೇ ವಚನಪಿತಾಮಹರೆಂದು ನಾಡು ಕರೆಯುವ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು, ತಾಯಿ ದಾನಮ್ಮನವರು. ತಂದೆಯವರು ಶಿಕ್ಷಕರು ಮತ್ತು ಲೇಖಕರು. ಮನೆಯಲ್ಲಿ ಧನವಿರಲಿಲ್ಲ, ಪುಸ್ತಕಗಳಿದ್ದವು. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ಅಜ್ಜಿ ಸಲಹಿದರು. ಫಕೀರಪ್ಪನೆಂಬ ಹೆಸರು ಉತ್ತರ ಕರ್ನಾಟಕದಲ್ಲಿ ಅಪರೂಪವಾದುದಲ್ಲ. ಫಕೀರನನ್ನೂ ಅಪ್ಪನನ್ನೂ ಒಂದೇ ಪದದಲ್ಲಿ ಕೂಡಿಸಿ ಕರೆಯುವ ಆ ಸೀಮೆಯ ಜನರ ಉದಾರಬುದ್ಧಿಗೆ ಅದು ಸಾಕ್ಷಿ. ಮುಂದೆ ಈ ಮಹನೀಯರು ಆ ಹೆಸರಿನ ಮೊದಲರ್ಧವನ್ನು ತಮ್ಮ ನಡೆಯಿಂದಲೂ ಸಾರ್ಥಕಗೊಳಿಸಿದರೆಂಬುದನ್ನು ಓದುಗರು ಕಾಣುವರು.

ಧಾರವಾಡದಲ್ಲಿ ಶಾಲೆಯ ಶಿಕ್ಷಣವು ಮುಗಿದ ಬಳಿಕ ಕಾಲೇಜಿನ ವ್ಯಾಸಂಗಕ್ಕಾಗಿ ಅವರು ಮುಂಬಯಿಗೆ ತೆರಳಿದರು. ಅಂದಿನ ಮುಂಬಯಿ ಯಂತ್ರಯುಗದ ಹೆಬ್ಬಾಗಿಲಾಗಿತ್ತು. ಹತ್ತಿಯ ಗಿರಣಿಗಳ ಹೊಗೆಗೊಳವೆಗಳು, ಉಗಿಬಂಡಿಗಳು, ಹಡಗುಗಳು, ತಂತಿ ಅಂಚೆ, ದೊಡ್ಡ ದೊಡ್ಡ ಅಚ್ಚುಕೂಟಗಳು ಇವೆಲ್ಲವೂ ಅಲ್ಲಿದ್ದವು. ಅದೇ ನಗರದಲ್ಲಿ 1896ರಲ್ಲಿ ಪ್ಲೇಗಿನ ಮಾರಿಯು ಕಾಣಿಸಿಕೊಂಡು, ಗಿರಣಿಯ ಕೂಲಿಗಾರರು ಗುಂಪುಗುಂಪಾಗಿ ಊರು ಬಿಟ್ಟರು. ಐಶ್ವರ್ಯವೂ ದೈನ್ಯವೂ ಒಂದೇ ಬೀದಿಯಲ್ಲಿ ನಿಂತಿದ್ದ ಆ ಪಟ್ಟಣದಲ್ಲಿ ಹಳ್ಳಿಗಾಡಿನ ತರುಣನೊಬ್ಬನ ಕಣ್ಣು ಕೋರೈಸಿಹೋಗುವುದು ಸಹಜವಾಗಿತ್ತು. ಆದರೆ ಹಳಕಟ್ಟಿಯವರ ಕಣ್ಣಿಗೆ ಬಿದ್ದುದು ಬೇರೊಂದು ಸಂಗತಿ. ಗುಜರಾತಿಗಳೂ ಮರಾಠಿಗರೂ ತಮ್ಮ ನುಡಿಯಲ್ಲಿ ಪತ್ರಿಕೆಗಳನ್ನು ನಡೆಸಿ, ತಮ್ಮ ಸಂತರ ವಾಣಿಯನ್ನು ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸುತ್ತಿದ್ದರು. ಕನ್ನಡಿಗರಿಗಾದರೋ ತಮ್ಮ ಮನೆಯ ನಿಧಿಯ ಸುಳಿವೇ ಇರಲಿಲ್ಲ. ಈ ಕೊರಗು ಅವರ ಹೃದಯದಲ್ಲಿ ನೆಟ್ಟುಹೋಯಿತು. ಅಚ್ಚಿನ ಯಂತ್ರವು ಹಣಗಳಿಕೆಯ ಉಪಕರಣ ಮಾತ್ರವಲ್ಲ, ಜ್ಞಾನದಾಸೋಹದ ಪಾತ್ರೆಯೂ ಆಗಬಲ್ಲುದೆಂಬ ಅರಿವು ಅವರಿಗೆ ಅಲ್ಲಿಯೇ ಮೂಡಿತೆಂದು ತಿಳಿಯಬಹುದು.

1904ರಲ್ಲಿ ಕಾನೂನು ಪದವಿಯನ್ನು ಪಡೆದು ಹಿಂದಿರುಗಿದ ಅವರು ಮೊದಲು ಬೆಳಗಾವಿಯಲ್ಲಿ, ಅನಂತರ ವಿಜಾಪುರದಲ್ಲಿ ವಕೀಲಿಯನ್ನು ಕೈಗೊಂಡರು. ಇಂದು ವಿಜಯಪುರವೆಂಬ ಹೆಸರನ್ನು ಪಡೆದಿರುವ ಆ ಊರೇ ಅವರ ಕರ್ಮಭೂಮಿಯಾಯಿತು. ಧರ್ಮಪತ್ನಿ ಭಾಗೀರಥಿಬಾಯಿಯವರು ಅವರ ಸಂಸಾರದ ಭಾರವನ್ನು ಹೊತ್ತರು. ವಕೀಲಿಯಲ್ಲಿ ಹಳಕಟ್ಟಿಯವರಿಗೆ ಒಳ್ಳೆಯ ಹೆಸರು ಬಂದಿತು. ಸರಕಾರಿ ವಕೀಲರ ಸ್ಥಾನವೂ ದೊರೆಯಿತು. ಆ ದಾರಿಯಲ್ಲಿಯೇ ನಡೆದಿದ್ದರೆ ಮಹಡಿಯ ಮನೆ, ಕುದುರೆಗಾಡಿ, ಹೊಲಗದ್ದೆಗಳೆಲ್ಲವೂ ಅವರ ಪಾಲಿಗೆ ಬರುತ್ತಿದ್ದವು. ಅವು ಬರಬಾರದೆಂದು ಅವರು ಹಟ ಹಿಡಿದವರಲ್ಲ. ಆದರೆ ಅವುಗಳಿಗಿಂತ ಮೊದಲು ಆಗಬೇಕಾದ ಕೆಲಸಗಳು ಅವರ ಕಣ್ಣೆದುರಿಗೆ ನಿಂತಿದ್ದವು.

ವಿಜಾಪುರ ಸೀಮೆಯು ಮಳೆ ಕಡಿಮೆಯಿರುವ ನಾಡು. ಬರವು ಅಲ್ಲಿಗೆ ಹೊಸ ಅತಿಥಿಯಲ್ಲ. ಅಲ್ಲಿನ ರೈತನು ಒಂದು ವರ್ಷ ಬೆಳೆ ಕಂಡರೆ ಮುಂದಿನ ವರ್ಷ ಸಾಹುಕಾರನ ಬಾಗಿಲು ಕಾಣುತ್ತಿದ್ದನು. ಆತನ ಮಕ್ಕಳಿಗೆ ಅಕ್ಷರವು ದೂರವಾಗಿತ್ತು. ಇಂತಹ ಜನರೆದುರಿಗೆ ತತ್ತ್ವವನ್ನು ಮಾತ್ರ ಹೇಳಿದರೆ ಸಾಲದೆಂಬುದನ್ನು ಹಳಕಟ್ಟಿಯವರು ಅರಿತರು. 1910ರಲ್ಲಿ ಸಮಾಜದ ಹಿರಿಯರನ್ನು ಕೂಡಿಸಿಕೊಂಡು ವಿಜಾಪುರದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ಇಂದು ವೈದ್ಯಕೀಯ, ಇಂಜಿನಿಯರಿಂಗ್ ಮೊದಲಾದ ಶಿಕ್ಷಣವನ್ನು ಕೊಡುತ್ತಿರುವ ಮಹಾಸಂಸ್ಥೆಯ ಬೀಜವು ಅದೇ. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರೇ ಮುಂದಾದರು. ಸಹಕಾರದ ಕಾಯಿದೆಯು ಈ ದೇಶಕ್ಕೆ ಬಂದುದು 1904ರಲ್ಲಿ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದುದು 1905ರಲ್ಲಿ. ಆ ಹೊಸ ವಿಚಾರವನ್ನು ಹಳಕಟ್ಟಿಯವರು ವಿಳಂಬವಿಲ್ಲದೆ ವಿಜಾಪುರಕ್ಕೆ ತಂದರು. ನಗರಸಭೆಯಲ್ಲಿ ಸೇವೆ ಸಲ್ಲಿಸಿ, ನೀರಿಲ್ಲದೆ ಬಳಲುತ್ತಿದ್ದ ಪಟ್ಟಣದ ನೀರಿನ ವ್ಯವಸ್ಥೆಗಾಗಿ ಶ್ರಮಿಸಿದರು. ಮುಂಬಯಿಯ ಶಾಸನ ಸಭೆಯಲ್ಲಿಯೂ ಸದಸ್ಯರಾಗಿದ್ದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬ್ಯಾಂಕು ಎಂಬುದು ಹಣದ ಮನೆ. ಹಣವನ್ನು ಮಾಯೆಯೆಂದು ಹಳಿಯುವುದು ಸುಲಭ. ಆದರೆ ಹಣವನ್ನು ಹಳಿದು ಕುಳಿತರೆ ಬಡವನ ಸಾಲವು ತೀರುವುದಿಲ್ಲ. ನಮ್ಮ ಶರಣರು ಹಣವನ್ನು ಮುಟ್ಟಬಾರದೆಂದು ಹೇಳಿದವರಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಕೈಯಲ್ಲಿ ಹಣವಿದ್ದೂ ಮನಸ್ಸಿನಲ್ಲಿ ಅದು ಇಲ್ಲದಿರುವುದೇ ಶರಣರ ಲಕ್ಷಣ. ಹಳಕಟ್ಟಿಯವರು ಕಟ್ಟಿದ ಬ್ಯಾಂಕಿನಿಂದ ಅನೇಕರ ಮನೆಗಳು ನಿಂತವು. ಕಟ್ಟಿದವರ ಮನೆಯೊಂದು ಮಾತ್ರ ನಿಲ್ಲಲಿಲ್ಲ. ಅದರ ಕಥೆಯು ಮುಂದೆ ಬರುವುದು.

ಹಳಕಟ್ಟಿಯವರ ಬಾಳಿನ ತಿರುವು ಬಂದುದು ತಾಳೆಯೋಲೆಯ ಕಟ್ಟುಗಳಿಂದ. ಇನ್ನೂ ತರುಣರಾಗಿದ್ದಾಗಲೇ ಬನಹಟ್ಟಿಯ ಭಕ್ತರ ಮನೆಯೊಂದರಲ್ಲಿ ಅವರು ಷಟ್‌ಸ್ಥಲಕ್ಕೆ ಸಂಬಂಧಿಸಿದ ಮತ್ತು ಪ್ರಭುದೇವರ ವಚನಗಳ ಓಲೆಗಳನ್ನು ಕಂಡರು. ಓದುತ್ತ ಹೋದಂತೆ ಅವರಿಗೆ ವಿಸ್ಮಯವಾಯಿತು. ಇಷ್ಟು ದೊಡ್ಡ ಅನುಭಾವವು, ಇಷ್ಟು ನಿರ್ಭೀತವಾದ ಮಾತು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಇದ್ದೂ ಯಾರಿಗೂ ತಿಳಿಯದೆ ಉಳಿದಿತ್ತು. ಕಲ್ಯಾಣದ ವಿಪ್ಲವದ ಕಾಲದಲ್ಲಿ ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಆಳ್ವಿಕೆಯಲ್ಲಿ ವಿರಕ್ತರೂ ಪಂಡಿತರೂ ಅವುಗಳನ್ನು ಸಂಕಲಿಸಿ, ಸ್ಥಲಗಳಿಗೆ ಅನುಸಾರವಾಗಿ ಜೋಡಿಸಿ, ಟೀಕೆಗಳನ್ನು ಬರೆದರು. ಅನಂತರ ನಾಲ್ಕೈದು ಶತಮಾನಗಳ ಕಾಲ ಆ ಕಟ್ಟುಗಳು ಮಠಗಳ ಪೆಟ್ಟಿಗೆಗಳಲ್ಲಿ, ಮನೆಗಳ ಅಟ್ಟಗಳಲ್ಲಿ, ದೇವರ ಜಗಲಿಯ ಮೇಲೆ ಉಳಿದವು. ಜನರು ಅವುಗಳಿಗೆ ವಿಭೂತಿ ಹಚ್ಚಿ ಪೂಜಿಸಿದರು. ಬಿಚ್ಚಿ ಓದುವವರು ವಿರಳರಾದರು. ಅಲ್ಲೊಂದು ಇಲ್ಲೊಂದು ಗ್ರಂಥವು ಅಚ್ಚಾಗಿದ್ದಿತಾದರೂ ಬಹುಭಾಗವು ಓಲೆಯಲ್ಲಿಯೇ ಇದ್ದಿತು.

ಓಲೆಯ ಆಯುಸ್ಸು ಅಕ್ಷಯವಾದುದಲ್ಲ. ಹುಳು ತೂತು ಕೊರೆಯುತ್ತದೆ. ಗರಿಯ ಅಂಚು ಮುರಿದು ಅಕ್ಷರಗಳು ಉದುರುತ್ತವೆ. ಕೆಳದಿಯ ಅರಸರ ಆಳ್ವಿಕೆಯನ್ನು ಕಂಡ ಈ ನಮ್ಮ ಮಲೆನಾಡಿನಲ್ಲಂತೂ ಆಷಾಢದ ತೇವಕ್ಕೆ ಬೂಷ್ಟು ಹಿಡಿಯದ ವಸ್ತುವೇ ಇಲ್ಲ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಕಟ್ಟನ್ನು ಇಟ್ಟು ಕಾಪಾಡಿದ ಹಿರಿಯರ ಜಾಣ್ಮೆಯನ್ನು ಮೆಚ್ಚಬೇಕು. ಆದರೆ ಓದು ತಪ್ಪಿದ ಮನೆಯಲ್ಲಿ ಕಟ್ಟು ಎಷ್ಟು ದಿನ ಉಳಿದೀತು? ಜೀರ್ಣವಾಯಿತೆಂದು ಹೊಳೆಗೆ ಬಿಟ್ಟವರೂ ಉಂಟು. ಹಳಕಟ್ಟಿಯವರು ಈ ಕಾಲದ ಓಟಕ್ಕೆ ಎದುರಾಗಿ ಓಡಿದರು. ವಕೀಲಿಯ ಕೆಲಸದ ನಡುವೆ ಊರೂರು ಅಲೆದು, ಮಠಾಧೀಶರನ್ನೂ ಗೃಹಸ್ಥರನ್ನೂ ಕೈಮುಗಿದು ಬೇಡಿ, ಓಲೆಯ ಕಟ್ಟುಗಳನ್ನು ಕೂಡಿಸತೊಡಗಿದರು. ಕೊಡಲೊಪ್ಪದವರ ಬಾಗಿಲಿಗೆ ಮತ್ತೆ ಮತ್ತೆ ಹೋದರು. 1920ರ ಹೊತ್ತಿಗೆ ಅವರಲ್ಲಿ ಸುಮಾರು ಒಂದು ಸಾವಿರ ಕಟ್ಟುಗಳು ಸೇರಿದ್ದವು. ಅಲ್ಲಿಯವರೆಗೆ ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದಲ್ಲಿ ಅವರ ಶೋಧನೆಯಿಂದ ಇನ್ನೂರೈವತ್ತರಷ್ಟು ವಚನಕಾರರು ಬೆಳಕಿಗೆ ಬಂದರು. ಅಂಬಿಗರು, ಮಾದಾರರು, ಮಡಿವಾಳರು, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು ಹೀಗೆ ಎಲ್ಲ ಕಾಯಕದವರ, ಅನೇಕ ಶರಣೆಯರ ವಾಣಿಯು ಮರಳಿ ಕೇಳಿಬಂದಿತು.

ಕೂಡಿಸಿದರೆ ಸಾಲದು, ಓದಬೇಕು. ಓಲೆಯ ಬರವಣಿಗೆಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಒಂದು ವಚನ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂಬುದನ್ನು ಅಂಕಿತವನ್ನು ನೋಡಿ ತಿಳಿಯಬೇಕು. ಲಿಪಿಕಾರನ ಕೈತಪ್ಪಿನಿಂದ ಒಂದು ಅಕ್ಷರ ಹೋದರೆ ಅರ್ಥವೇ ತಲೆಕೆಳಗಾಗುವುದು. ಒಂದು ಕಟ್ಟಿನ ಪಾಠವನ್ನು ಮತ್ತೊಂದರೊಡನೆ ಹೋಲಿಸಿ, ಯಾವುದು ಯಾರ ವಚನವೆಂಬುದನ್ನು ಗೊತ್ತುಮಾಡಿ, ಕಾಗದದ ಮೇಲೆ ಪ್ರತಿ ಮಾಡಬೇಕು. ಹಗಲೆಲ್ಲ ಕಕ್ಷಿದಾರರ ಕಾಗದಗಳನ್ನು ನೋಡಿದ ಕಣ್ಣುಗಳು ಉಳಿದ ಹೊತ್ತಿನಲ್ಲಿ ಶರಣರ ಓಲೆಗಳನ್ನು ನೋಡಿದವು. ಸಾಕ್ಷಿಯಿಲ್ಲದ ಮಾತನ್ನು ಒಪ್ಪದ ವಕೀಲರ ಅಭ್ಯಾಸವು ಇಲ್ಲಿಯೂ ಉಪಕಾರಕ್ಕೆ ಬಂದಿತು. ಲೌಕಿಕದಲ್ಲಿ ಕಲಿತುದು ಪಾರಮಾರ್ಥಿಕಕ್ಕೆ ಊರುಗೋಲಾದುದು ಹೀಗೆ.

ಈ ಶ್ರಮದ ಫಲವಾಗಿ ವಚನಶಾಸ್ತ್ರಸಾರದ ಮೊದಲ ಭಾಗವು ಸಿದ್ಧವಾಯಿತು. ಅದನ್ನು ಅಚ್ಚು ಹಾಕಿಸುವುದು ಬರೆದುದಕ್ಕಿಂತಲೂ ಕಷ್ಟವಾಯಿತು. ಮಂಗಳೂರಿನಲ್ಲಿ ಅಚ್ಚಾಗಬೇಕೆಂದು ಮಾಡಿದ ಪ್ರಯತ್ನವು ಕೈಗೂಡಲಿಲ್ಲ. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅದು ಮುದ್ರಿತವಾಯಿತು. ವಿಷಯಗಳಿಗೆ ಅನುಸಾರವಾಗಿ ಶರಣರ ವಚನಗಳನ್ನು ಜೋಡಿಸಿದ ಆ ಗ್ರಂಥವು ಕನ್ನಡ ನಾಡಿಗೆ ತನ್ನ ಮನೆಯ ನಿಧಿಯನ್ನೇ ತೋರಿಸಿಕೊಟ್ಟಿತು. ಆದರೆ ಒಂದು ಗ್ರಂಥಕ್ಕಾಗಿಯೇ ಪರರ ಮುದ್ರಣಾಲಯದ ಬಾಗಿಲಲ್ಲಿ ಇಷ್ಟು ಕಾಲ ನಿಲ್ಲಬೇಕಾದರೆ ಸಾವಿರ ಕಟ್ಟುಗಳ ಗತಿಯೇನು? ಈ ಚಿಂತೆಯು ಅವರನ್ನು ಕಾಡಿತು. ಓಲೆಗಳು ಸವೆಯುತ್ತಿದ್ದವು, ವಯಸ್ಸೂ ಸರಿಯುತ್ತಿತ್ತು.

ಆಗ ಅವರು ಕೈಗೊಂಡ ನಿರ್ಧಾರವನ್ನು ನೆನೆದರೆ ಇಂದಿಗೂ ಮೈ ನವಿರೇಳುವುದು. 1925ರಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಇದ್ದ ಮನೆಯನ್ನು ಮಾರಿ, ಆ ಹಣದಿಂದ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸಾಮಾನ್ಯ ಗೃಹಸ್ಥನು ದುಡಿದು ಮನೆ ಕಟ್ಟಿಸುವ ವಯಸ್ಸಿನಲ್ಲಿ ಇವರು ಇದ್ದ ಮನೆಯನ್ನು ಅಚ್ಚುಮೊಳೆಗಳನ್ನಾಗಿ ಮಾಡಿಕೊಂಡರು. ತಾವು ಬಾಡಿಗೆಯ ಮನೆಗೆ ಹೋದರು. ಶರಣರ ವಾಣಿಗೆ ಶಾಶ್ವತವಾದ ಮನೆ ದೊರೆಯಿತು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನು ಆರಂಭಿಸಿದರು. ಮೊದಲು ತ್ರೈಮಾಸಿಕವಾಗಿದ್ದ ಅದು ಅನಂತರ ಮಾಸಿಕವಾಗಿ ಮೂರು ದಶಕಗಳಿಗೂ ಮಿಕ್ಕಿ ನಡೆದು ಬಂದಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಬಸವಣ್ಣನವರ, ಪ್ರಭುದೇವರ, ಮಹಾದೇವಿಯಕ್ಕನವರ ವಚನಗಳು, ಶೂನ್ಯಸಂಪಾದನೆ, ಹರಿಹರನ ರಗಳೆಗಳು ಹೀಗೆ ಒಂದಾದ ಮೇಲೊಂದು ಗ್ರಂಥವು ಅವರ ಸಂಪಾದನೆಯಲ್ಲಿ ಬೆಳಕು ಕಂಡಿತು. ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರಿಗೆ ಬಂದಿತು. ಸರಕಾರವು ರಾವ್ ಬಹದ್ದೂರ್ ಎಂಬ ಬಿರುದನ್ನಿತ್ತಿತು.

ಬಿರುದುಗಳಿಂದ ಒಲೆ ಉರಿಯುವುದಿಲ್ಲ. ಪತ್ರಿಕೆಗೆ ಚಂದಾದಾರರು ಕಡಿಮೆ, ಗ್ರಂಥಗಳಿಗೆ ಕೊಳ್ಳುವವರು ಕಡಿಮೆ. ವಕೀಲಿಯ ಕಡೆಗೆ ಗಮನವು ತಗ್ಗಿದಂತೆ ಆದಾಯವೂ ತಗ್ಗಿತು. ಕಾಗದದ ಸಾಲ, ಮಸಿಯ ಸಾಲ ಬೆಳೆಯಿತು. ಬಿರುದು ಪಡೆದ ಅದೇ ಮಹನೀಯರು ತೇಪೆ ಹಾಕಿದ ಕೋಟನ್ನು ತೊಟ್ಟು, ಹಳೆಯ ಸೈಕಲ್ಲನ್ನು ಏರಿ ವಿಜಾಪುರದ ಬೀದಿಗಳಲ್ಲಿ ತಿರುಗುವುದನ್ನು ಆ ಊರಿನ ಜನ ಕಂಡಿದ್ದಾರೆ. ವೃದ್ಧಾಪ್ಯದಲ್ಲಿಯೂ ಆ ಸೈಕಲ್ಲು ಅವರನ್ನು ಬಿಡಲಿಲ್ಲ. ಅದು ದಾರಿದ್ರ್ಯದ ಪ್ರದರ್ಶನವಾಗಿರಲಿಲ್ಲ, ತ್ಯಾಗದ ಜಾಹೀರಾತೂ ಆಗಿರಲಿಲ್ಲ. ಕೆಲಸಕ್ಕೆ ಬೇಗ ಮುಟ್ಟಿಸುವ ಸಾಧನವು ಒಂದಿತ್ತು, ಅದನ್ನು ಬಳಸಿದರು; ಅದಕ್ಕಿಂತ ಹೆಚ್ಚಿನದು ಬೇಕೆಂದು ಅವರಿಗೆ ತೋರಲಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯು ನೆನಪಿಗೆ ಬರುತ್ತದೆ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನವರನ್ನು ಆ ಮಹಾತಾಯಿ ಹಿಂದಕ್ಕೆ ಕಳುಹಿಸಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದರು. ಅಕ್ಕಿಯು ಕೆಟ್ಟುದೆಂದಲ್ಲ, ನಾಳೆಗೆಂದು ಕೂಡಿಡುವ ಆಸೆಯು ಕೆಟ್ಟುದೆಂದು. ಯಂತ್ರದ ವಿಷಯವೂ ಹೀಗೆಯೇ. ಸೈಕಲ್ಲು, ಅಚ್ಚುಯಂತ್ರ, ಇಂದಿನ ಫೋನು ಇವಾವುವೂ ತಾವಾಗಿ ಕೆಟ್ಟವಲ್ಲ. ಇಷ್ಟು ಸಾಕೆಂಬ ಅಳತೆಯನ್ನು ಮನಸ್ಸು ಮರೆತಾಗ ಮಾತ್ರ ಅವು ಭವದ ಹಗ್ಗಗಳಾಗುವವು.

ಆದರೆ ಮಹನೀಯರ ಚರಿತ್ರೆಯನ್ನು ಬರೆಯುವಾಗ ಸಿಹಿಯನ್ನು ಮಾತ್ರ ಬರೆದರೆ ಸತ್ಯಕ್ಕೆ ಕುಂದು. ಮನೆಯನ್ನು ಮಾರಿದವರು ಒಬ್ಬರು; ಮನೆಯಿಲ್ಲದವರಾದವರು ಇಡೀ ಕುಟುಂಬದವರು. ಹಸಿದ ಮಕ್ಕಳಿಗೆ ಬಡಿಸುವ ತಾಯಿಗೆ ಯಾವ ಸಮ್ಮೇಳನದ ಪೀಠವೂ ದೊರೆಯುವುದಿಲ್ಲ. ಭಾಗೀರಥಿಬಾಯಿಯವರ ಹೆಸರು ವಚನಶಾಸ್ತ್ರಸಾರದ ಮುಖಪುಟದ ಮೇಲಿಲ್ಲ. ಆದರೂ ಅದರ ಪ್ರತಿಯೊಂದು ಪುಟದಲ್ಲಿಯೂ ಅವರ ಪಾಲುಂಟು. ಗೃಹಸ್ಥನು ಇಂತಹ ತ್ಯಾಗವನ್ನು ಮಾಡಬಹುದೇ, ಹೆಂಡಿರು ಮಕ್ಕಳ ಹಕ್ಕನ್ನು ತೆಗೆದು ಧರ್ಮಕ್ಕೆ ಕೊಡಬಹುದೇ ಎಂಬ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಹಗುರವಾದ ಉತ್ತರವು ನನಗೆ ಹೊಳೆಯಲಿಲ್ಲ. ಇಷ್ಟನ್ನು ಮಾತ್ರ ಹೇಳಬಲ್ಲೆನು. ಆ ಭಾರವನ್ನು ಒಂದು ಕುಟುಂಬವು ಹೊರಬೇಕಾಗಿ ಬಂದುದು ಸಮಾಜವು ಹೊರಲಿಲ್ಲವಾದುದರಿಂದ. ಅಂದು ವಿಜಾಪುರ, ಧಾರವಾಡ, ಬೆಳಗಾವಿಗಳ ಸ್ಥಿತಿವಂತರಲ್ಲಿ ನೂರು ಮಂದಿ ಶಿವಾನುಭವದ ವರ್ಷದ ಚಂದಾವನ್ನು ತಪ್ಪದೆ ಸಲ್ಲಿಸಿ, ತಲೆಗೊಂದು ಗ್ರಂಥವನ್ನು ಕೊಂಡಿದ್ದರೂ ಆ ಮನೆಯ ಕಷ್ಟವು ಅಷ್ಟು ಹಗುರವಾಗುತ್ತಿತ್ತು. ದಾಸೋಹವೆಂಬುದು ಒಬ್ಬನು ಉಪವಾಸವಿದ್ದು ಉಳಿದವರು ಉಣ್ಣುವುದಲ್ಲ. ಎಲ್ಲರೂ ತಂದು ಎಲ್ಲರೂ ಉಣ್ಣುವುದು. ಹಳಕಟ್ಟಿಯವರನ್ನು ಹೊಗಳುವಾಗ ಈ ಸಾಲವನ್ನು ನಾವು ಮರೆಯಲಾಗದು.

1956ರಲ್ಲಿ ಅವರಿಗೆ ಎರಡು ಸಂತೋಷಗಳು ಒದಗಿದವು. ಯಾವ ಏಕೀಕರಣಕ್ಕಾಗಿ ತಮ್ಮ ತಲೆಮಾರಿನ ಹಿರಿಯರೊಡನೆ ಅವರೂ ದುಡಿದಿದ್ದರೋ ಆ ಕನ್ನಡ ನಾಡು ನವೆಂಬರ್ 1ರಂದು ಒಂದಾಯಿತು. ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತು ಅವರನ್ನು ಸನ್ಮಾನಿಸಿದುದೂ ಅದೇ ವರ್ಷ. ಗುಮ್ಮಟಗಳ ಊರಿನಲ್ಲಿ ಬಾಳಿದ ಅವರನ್ನು ವಚನಗುಮ್ಮಟವೆಂದು ಜನರು ಕರೆದರು. ಗೋಳಗುಮ್ಮಟದಲ್ಲಿ ಒಂದು ಧ್ವನಿಯು ಹಲವು ಬಾರಿ ಮರುದನಿಗೊಡುವುದು ಎಲ್ಲರಿಗೂ ತಿಳಿದುದೇ. ಶರಣರ ಧ್ವನಿಗೆ ಅಂತಹ ಮರುದನಿಯಾದವರು ಇವರು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರೇ ದಿನಗಳಿರುವಾಗ, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಅವರು ಹಚ್ಚಿದ ದೀಪವು ಆರಲಿಲ್ಲ. ಶಿ. ಶಿ. ಬಸವನಾಳರು, ಉತ್ತಂಗಿ ಚೆನ್ನಪ್ಪನವರು, ಆರ್. ಸಿ. ಹಿರೇಮಠರು, ಎಲ್. ಬಸವರಾಜು ಅವರು ಮೊದಲಾದ ವಿದ್ವಾಂಸರು ವಚನಗಳ ಅಧ್ಯಯನವನ್ನು ಮುಂದುವರಿಸಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ಕೆಲಸ ಮಾಡುತ್ತಿದೆ. ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣೆಯ ದಿನವನ್ನಾಗಿ ನಾಡು ಆಚರಿಸುತ್ತದೆ. ಇಪ್ಪತ್ತು ಸಾವಿರವನ್ನು ಮೀರಿದ ವಚನಗಳು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುವಂತಾಗಿವೆ. ಒಂದು ಪದವನ್ನು ಒತ್ತಿದರೆ ಆ ಪದವಿರುವ ವಚನಗಳೆಲ್ಲವೂ ಕ್ಷಣಾರ್ಧದಲ್ಲಿ ಕಣ್ಣೆದುರಿಗೆ ನಿಲ್ಲುತ್ತವೆ. ಒಂದು ಕಟ್ಟಿಗಾಗಿ ಹತ್ತು ಊರು ತಿರುಗಿದ ಆ ಮಹನೀಯರು ಇದನ್ನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರು!

ಹಿಗ್ಗುತ್ತಿದ್ದರು ನಿಜ, ಒಡನೆಯೇ ಎಚ್ಚರಿಕೆಯನ್ನೂ ಕೊಡುತ್ತಿದ್ದರೆಂದು ನನಗೆ ತೋರುವುದು. ಈಚೆಗೆ ನಮ್ಮ ಪಾಠಶಾಲೆಯ ಬಾಲಕನೊಬ್ಬನು ಫೋನಿನಲ್ಲಿ ಬಂದ ಸಾಲುಗಳನ್ನು ಬಸವಣ್ಣನವರ ವಚನವೆಂದು ತರಗತಿಯಲ್ಲಿ ಓದಿದನು. ಸಾಲುಗಳು ಇಂಪಾಗಿದ್ದವು; ಕೊನೆಯಲ್ಲಿ ಅಂಕಿತವಿರಲಿಲ್ಲ. ನಾವೆಲ್ಲರೂ ಕೂಡಿ ಸಂಪುಟವನ್ನು ತೆರೆದು ಹುಡುಕಿದೆವು, ದೊರೆಯಲಿಲ್ಲ. ಯಾರೋ ಈ ಕಾಲದವರು ಬರೆದು ಬಸವಣ್ಣನವರ ಚಿತ್ರದ ಕೆಳಗೆ ಅಂಟಿಸಿದ ಮಾತು ಅದಾಗಿತ್ತು. ಅದೇ ಬೆಳಗ್ಗೆ ಅದು ಎಷ್ಟು ಮನೆಗಳಿಗೆ ಹೋಗಿದ್ದಿತೋ ಶಿವನೇ ಬಲ್ಲ. ಬಾಲಕನದು ತಪ್ಪಲ್ಲ, ತನಗೆ ಬಂದುದನ್ನು ಭಕ್ತಿಯಿಂದಲೇ ಓದಿದನು. ಆದರೆ ಹುಳು ತಿಂದ ಓಲೆಯಲ್ಲಿ ಒಂದು ಅಕ್ಷರಕ್ಕಾಗಿ ಕಣ್ಣು ಸವೆಸಿದವರ ಪರಂಪರೆಗೆ ಸೇರಿದ ನಾವು, ನೋಡದೆ ಓದದೆ ಒಂದು ಬೆರಳಿನಿಂದ ನೂರು ಜನರಿಗೆ ಕಳುಹಿಸಿಬಿಡುವುದು ಉಚಿತವೇ? ಹಿಂದೆ ಹುಳುಗಳು ವಚನಗಳನ್ನು ತಿಂದವು. ಇಂದು ಅವಸರವು ತಿನ್ನುತ್ತಿದೆ.

ಹಳಕಟ್ಟಿಯವರ ಕೈಯಲ್ಲಿಯೂ ಅವರ ಕಾಲದ ಹೊಸ ಯಂತ್ರವಿದ್ದಿತು. ಅದಕ್ಕೆ ಅವರು ತಮ್ಮ ಹೊತ್ತನ್ನೂ ಹಣವನ್ನೂ ಮನೆಯನ್ನೂ ಕೊಟ್ಟರು. ಆದರೆ ಯಂತ್ರವು ಏನನ್ನು ಅಚ್ಚು ಹಾಕಬೇಕೆಂಬುದನ್ನು ಅವರೇ ನಿರ್ಣಯಿಸಿದರು. ಯಂತ್ರವು ಅವರಿಗೆ ಆಜ್ಞೆ ಮಾಡಲಿಲ್ಲ. ನಮ್ಮ ಕೈಯ ಫೋನು ನಮ್ಮ ಹೊತ್ತನ್ನು ತೆಗೆದುಕೊಳ್ಳುತ್ತದೆ. ಅದಕ್ಕೆ ಬದಲಾಗಿ ನಾವು ಏನನ್ನು ಬೇಡುವೆವೆಂದು ಕೇಳಿಕೊಂಡುದುಂಟೇ? ಯಂತ್ರವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವವನಲ್ಲ. ದೂರದ ಊರಿನಲ್ಲಿರುವ ಮಗನ ಧ್ವನಿಯನ್ನು ತಾಯಿಗೆ ಕೇಳಿಸುವುದು ಅದೇ. ಔಷಧವನ್ನೂ ವೈದ್ಯನನ್ನೂ ಮಳೆಗಾಲದ ರಾತ್ರಿಯಲ್ಲಿ ಕರೆಯುವುದೂ ಅದೇ. ಅದನ್ನು ಇಷ್ಟಲಿಂಗದ ಸ್ಥಾನದಲ್ಲಿ ಕೂರಿಸಬಾರದು ಎಂಬಷ್ಟೇ ನನ್ನ ವಿಜ್ಞಾಪನೆ. ಅಂಗೈ ಒಂದೇ ಇದೆ. ದಿನದಲ್ಲಿ ಮೊದಲು ಅದರ ಮೇಲೆ ಏನು ಕುಳಿತುಕೊಳ್ಳುವುದೆಂಬುದರಿಂದ ಆ ದಿನದ ಬಾಳು ನಿಶ್ಚಯವಾಗುವುದು.

ಭಕ್ತಬಂಧುಗಳು ಇಷ್ಟನ್ನು ಮಾಡಬಹುದು. ಬೆಳಗ್ಗೆ ಲಿಂಗಪೂಜೆಯಾಗುವವರೆಗೆ ಫೋನನ್ನು ಮುಟ್ಟದಿರುವುದು. ಅನಂತರ ಒಂದು ವಚನವನ್ನು, ಒಂದನ್ನೇ, ಅಂಕಿತದೊಡನೆ ಮನೆಯವರೆಲ್ಲರೂ ಕೂಡಿ ಓದಿ ಅದರ ಅರ್ಥವನ್ನು ಆಡಿಕೊಳ್ಳುವುದು. ಇತರರಿಗೆ ಕಳುಹಿಸುವ ಮನಸ್ಸಾದರೆ ಮೊದಲು ಗ್ರಂಥದಲ್ಲಿ ನೋಡಿ ಕಳುಹಿಸುವುದು. ಅಟ್ಟದ ಮೇಲೆ ಹಳೆಯ ಓಲೆಯ ಕಟ್ಟೇನಾದರೂ ಉಳಿದಿದ್ದರೆ ಅದನ್ನು ಹೊಳೆಗೆ ಬಿಡದೆ, ಬಲ್ಲವರಿಗೆ ತೋರಿಸಿ ಅದರ ಚಿತ್ರವನ್ನು ತೆಗೆಯಿಸುವುದು. ಆಗ ಕೈಯಲ್ಲಿರುವ ಯಂತ್ರವೂ ಶಿವಕಾರ್ಯಕ್ಕೆ ಒದಗಿದಂತಾಗುವುದು. ಜ್ಞಾನದಾಸೋಹಕ್ಕಾಗಿ ದುಡಿಯುತ್ತಿರುವವರು ನಮ್ಮ ಸುತ್ತಮುತ್ತ ಇದ್ದರೆ, ಅವರು ಮನೆಯನ್ನು ಮಾರುವವರೆಗೆ ಕಾಯದೆ, ಅವರ ಬಾಗಿಲಿಗೆ ನಾವಾಗಿ ಹೋಗುವುದು.

ಹಳಕಟ್ಟಿಯವರಂತೆ ಎಲ್ಲವನ್ನೂ ಕೊಡುವ ಶಕ್ತಿಯು ನಮಗೆಲ್ಲರಿಗೂ ಇರಲಾರದು. ಅವರು ಕೊಟ್ಟುದನ್ನು ಬಿಚ್ಚಿ ಓದುವ ಶಕ್ತಿಯಾದರೂ ಇರಲೆಂದು ಶ್ರೀ ಗುರುವಿನಲ್ಲಿ ಬೇಡಿಕೊಳ್ಳೋಣ. ಆ ಶರಣಜೀವಿಗೂ, ಅವರೊಡನೆ ಕಷ್ಟವನ್ನುಂಡ ಆ ಮನೆಯವರಿಗೂ ಶರಣು ಶರಣಾರ್ಥಿ.